ನೀರು ಬಂದ ದಾರಿ

ವಿಜಯದಶಮಿಯ ಮಧ್ಯಾಹ್ನ ಕಾಪುವಿನ ಕಡಲಲ್ಲಿ ಸೊಂಟಮಟ್ಟದ ನೀರಿನಲ್ಲಿ ನಿಂತಿದ್ದ ಸುಕೇಶನ ಕಿವಿಯಲ್ಲಿ ಮೊದಲು ಚರಚರ ಎಂದಿತು, ಆಮೇಲೆ ಏನೂ ಇಲ್ಲ. ಅವನು ಹೆಡ್‌ಫೋನನ್ನು ಎರಡು ಸಲ ತಟ್ಟಿದ. ಕೈಯಲ್ಲಿದ್ದ ಲೋಹಶೋಧಕದ ಪರದೆಯನ್ನು ನೋಡಿದರೆ ಗಾಜಿನ ಒಳಬದಿಗೆ ಮಂಜು ಕಟ್ಟಿತ್ತು. ಮಂಜಿನ ಕೆಳಗೆ ಒಂದು ಹನಿ ನೀರು, ಕೈ ವಾಲಿದ ಕಡೆಗೆಲ್ಲ ಉರುಳುತ್ತಿತ್ತು.

"ಎಂತ, ಸಿಕ್ಕಿತಾ?" ದಡದಿಂದ ಭುಜಂಗ ಮಾವ ಕೂಗಿದರು.

ಸುಕೇಶ ಯಂತ್ರವನ್ನು ಮಗುವನ್ನು ಎತ್ತಿದ ಹಾಗೆ ತಲೆಯ ಮೇಲೆ ಹಿಡಿದು ಅಲೆ ದಾಟಿ ಬಂದ. ದಡದಲ್ಲಿ ಕುಳಿತಿದ್ದ ಇಪ್ಪತ್ತೆರಡು ಮಂದಿಗೂ ಅವನ ಮುಖ ನೋಡಿಯೇ ಸಂಗತಿ ತಿಳಿಯಿತು.

"ಕಬ್ಬಿಣ ಹುಡುಕುವುದಕ್ಕೆ ಹೋದದ್ದು ನೀರು ಕುಡಿದು ಬಂತು," ಎಂದ ಒಬ್ಬ. ನಗು ಎದ್ದಿತು, ಆದರೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಯಾರಿಗೂ ನಗುವ ಕಾಲವಾಗಿರಲಿಲ್ಲ.

ಅವರದು ಕೈರಂಪಣಿ ತಂಡ. ದೋಣಿಯಲ್ಲಿ ಹೋಗಿ ಅರ್ಧಚಂದ್ರದ ಹಾಗೆ ಬಲೆ ಬಿಟ್ಟು, ಎರಡು ತುದಿಯ ಹಗ್ಗಗಳನ್ನು ದಡದಿಂದ ಎಳೆಯುವವರು. ತಂಡದ ತಂಡೇಲ, ಅಂದರೆ ಮುಂದಾಳು, ಭುಜಂಗ. ಅರುವತ್ತಾರು ವರ್ಷ, ಸುಕೇಶನ ತಾಯಿಯ ಅಣ್ಣ. ಈ ಮಳೆಗಾಲದಲ್ಲಿ ಕಡಲು ಎಲ್ಲಿಂದಲೋ ಒಂದು ಕಬ್ಬಿಣವನ್ನು ತಂದು ಇವರು ಬಲೆ ಎಳೆಯುವ ಜಾಗದಲ್ಲಿ ಹೂತಿಟ್ಟಿತ್ತು. ಕಣ್ಣಿಗೆ ಕಾಣುವುದಿಲ್ಲ, ಗಳದಿಂದ ಚುಚ್ಚಿ ನೋಡಿದರೆ ಸಿಗುವುದಿಲ್ಲ. ಬಲೆಗೆ ಮಾತ್ರ ತಪ್ಪದೆ ಸಿಗುತ್ತದೆ. ಮೂರು ಸಲ ಬಲೆ ಹರಿದಿತ್ತು. ಪ್ರತಿ ಸಲವೂ ಇಡೀ ತಂಡ ವಾರಗಟ್ಟಲೆ ಕೂತು ಹೊಲಿದಿತ್ತು. ಮತ್ತೊಂದು ಸಲ ಹರಿದರೆ ಈ ವರ್ಷದ ಮಟ್ಟಿಗೆ ತಂಡ ಮುಗಿಯಿತು, ಯಾರಿಗೆ ಎಲ್ಲಿ ಕೆಲಸ ಸಿಗುತ್ತದೋ ಅಲ್ಲಿಗೆ ಹೋಗಿ ಎಂದು ಭುಜಂಗರೇ ಹೇಳಿಬಿಟ್ಟಿದ್ದರು. ಜಾಗ ಬದಲಿಸೋಣ ಎಂದರೆ ದೀಪಸ್ತಂಭದ ಕಡೆಗೆ ಬಂಡೆ, ಇನ್ನೊಂದು ಕಡೆಗೆ ಬೇರೆ ತಂಡದ ಕಡಲು.

ದೋಣಿಗೆ ಕೊಕ್ಕೆ ಕಟ್ಟಿ ಇಡೀ ಜಾಗವನ್ನು ಗೀರಿಸೋಣ ಎಂದು ಕೆಲವರು ಹೊರಟಾಗ ತಡೆದವನು ಸುಕೇಶ. ಶಾರ್ಜಾದಲ್ಲಿ ಹದಿನಾಲ್ಕು ವರ್ಷ ಏಸಿ ಮೆಕ್ಯಾನಿಕ್ ಆಗಿದ್ದು ವರ್ಷದ ಹಿಂದೆ ಊರಿಗೆ ಬಂದವನು. ಜೊತೆಯ ಕೆಲಸಗಾರನೊಬ್ಬ ಬಿಟ್ಟುಹೋಗಿದ್ದ ಈ ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದ. ನೀರಿನೊಳಗೇ ಹಿಡಿದು ಹುಡುಕುವಂಥದ್ದು. "ಗೀರಿಸಿದರೆ ಅದು ಇನ್ನೂ ಆಳಕ್ಕೆ ಹೋದೀತು. ನನಗೆ ಬಿಡಿ, ನಾನು ಹುಡುಕಿ ಕೊಡ್ತೇನೆ" ಎಂದಿದ್ದ. ಆ ಮಾತಿಗೆ ತಂಡ ಬಲೆ ಒಣಗಿಸಿ ಕಾದಿತ್ತು.

"ಹುಣ್ಣಿಮೆಗೆ ಐದು ದಿನ," ಎಂದರು ಭುಜಂಗ. "ಅವತ್ತು ಬೆಳಿಗ್ಗೆ ಆರಕ್ಕೆ ದೊಡ್ಡ ಇಳಿತ. ನೀರು ಮೊಣಕಾಲಿಗಿಂತ ಸ್ವಲ್ಪ ಮೇಲೆ ನಿಲ್ತದೆ. ಅಗೆಯುವುದಾದರೆ ಅವತ್ತೇ. ಅದು ಕಳೆದರೆ ಮರಳು ಏರ್ತಾ ಹೋಗ್ತದೆ, ಮತ್ತೆ ಅದು ಯಾರ ಕೈಗೂ ಸಿಗುವುದಿಲ್ಲ." ದಡದಲ್ಲಿ ಕುಳಿತವರ ಕಡೆ ನೋಡಿ ಹೇಳಿದರು: "ನೀನು ಹೇಳಿದ್ದೀ ಅಂತ ಇವರು ಕಾದಿದ್ದಾರೆ ಮಾರಾಯ."

ಅವರು ಗದರಿಸಿದ್ದರೆ ಸುಕೇಶನಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಮರುದಿನ ಅವನು ಯಂತ್ರ ಹಿಡಿದು ಮಣಿಪಾಲದ ಬಸ್ಸು ಹತ್ತಿದ. ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ರೋನಿ ಪೆಟ್ಟಿಗೆಯನ್ನು ಬಿಚ್ಚಿ, ಬೋರ್ಡನ್ನು ಸ್ಪಿರಿಟ್‌ನಲ್ಲಿ ತೊಳೆದು, ಗುರುವಾರ ಬೆಳಿಗ್ಗೆ ಜೀವ ಬರಿಸಿಕೊಟ್ಟ. ಪರದೆ ಬೆಳಗಿತು. ಸುಕೇಶನ ಮುಖವೂ ಬೆಳಗಿತು.

"ಖುಷಿಪಡಬೇಡಿ," ಎಂದ ರೋನಿ. "ನೀರು ತೆಗೆಯುವುದು ನನ್ನ ಕೆಲಸ. ನೀರು ಎಲ್ಲಿಂದ ಬಂತು ಅಂತ ನನಗೆ ಗೊತ್ತಿಲ್ಲ. ಗೊತ್ತಾಗದೆ ಮತ್ತೆ ಕಡಲಿಗೆ ಇಳಿಸಿದರೆ ಈ ಬೋರ್ಡ್ ಎರಡನೇ ಸಲ ಏಳುವುದಿಲ್ಲ. ಹಿರಿಯಡ್ಕದಲ್ಲಿ ಮನೋರಮಾ ಮೇಡಂ ಇದ್ದಾರೆ, ಅವರ ಹತ್ತಿರ ಹೋಗಿ. ಕಾಲೇಜಿನಲ್ಲಿ ನಮ್ಮ ಫಿಸಿಕ್ಸ್ ಲ್ಯಾಬ್ ನೋಡಿಕೊಳ್ತಾ ಇದ್ದವರು. ಮೂವತ್ತನಾಲ್ಕು ವರ್ಷ. ಅವರು ಇರುವಷ್ಟು ಕಾಲ ಅಲ್ಲಿ ಒಂದು ಥರ್ಮಾಮೀಟರ್ ಸುಳ್ಳು ಹೇಳಿದ್ದಿಲ್ಲ."

ಹಿರಿಯಡ್ಕದ ಪೇಟೆ ದಾಟಿದ ಮೇಲೆ ಎಡಕ್ಕೆ ತಿರುಗುವ ಓಣಿಯಲ್ಲಿ ಮನೋರಮಾ ಅವರ ಮನೆ. ತೆಳ್ಳಗಿನ ಹೆಂಗಸು, ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ರೋನಿಯ ಹೆಸರು ಹೇಳಿದೊಡನೆ "ಲ್ಯಾಬಿನ ಗಾಜಿನ ಬ್ಯೂರೆಟ್ ಒಡೆದವನು" ಎಂದರು. ಯಂತ್ರವನ್ನು ಚಾವಡಿಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಇಟ್ಟರು. ಬಿಚ್ಚುವ ಮೊದಲು ಪೂರ್ತಿ ನೋಡಿದರು: ಮೇಲ್ಗಡೆ ಪರದೆಯ ಪೆಟ್ಟಿಗೆ, ಕೆಳತುದಿಯಲ್ಲಿ ತಟ್ಟೆಯಂಥ ಸುರುಳಿ, ನಡುವೆ ಕೋಲು, ಕೋಲಿಗೆ ಅಂಟಿಕೊಂಡು ಇಳಿಯುವ ಕಪ್ಪು ಕೇಬಲ್. ಆಮೇಲೆ ಯಂತ್ರವನ್ನು ತಲೆಕೆಳಗೆ ಹಿಡಿದು ಮೆಲ್ಲನೆ ತಟ್ಟಿದರು. ಬ್ಯಾಟರಿ ಮುಚ್ಚಳದ ತಿರುಪಿನ ಗೆರೆಗಳಿಂದ ಕಂದು ಹುಡಿ ಬಟ್ಟೆಯ ಮೇಲೆ ಉದುರಿತು.

ಅವರು ಕನ್ನಡಕ ಏರಿಸಿ ನೋಡಿದರು. "ತೌಡು. ಇದಕ್ಕೆ ಊಟ ಹಾಕಿದ್ದಾ?"

"ಕಡಲಿಂದ ತಂದ ದಿನ ಹೆಂಡತಿ ಕುಚ್ಚಲಕ್ಕಿ ಡಬ್ಬಿಯಲ್ಲಿ ಹೂತಿಟ್ಟಳು. ಅಕ್ಕಿ ನೀರು ಎಳೀತದೆ ಅಂತ."

"ಅಕ್ಕಿ ನೀರು ಎಳೆಯುವುದು ಒಲೆಯ ಮೇಲೆ," ಎಂದರು ಮನೋರಮಾ. ಮೃದುವಾದ ಬ್ರಶ್ ತಂದು ಒಂದೊಂದೇ ಗೆರೆಯಿಂದ ಹುಡಿ ತೆಗೆದರು. ಮುಚ್ಚಳದ ರಬ್ಬರ್ ಉಂಗುರವನ್ನು ಬೆರಳುಗಳ ನಡುವೆ ತಿರುಗಿಸುತ್ತ ಭೂತಗನ್ನಡಿಯಲ್ಲಿ ಇಡೀ ಸುತ್ತು ನೋಡಿದರು. "ಉಂಗುರಕ್ಕೆ ಏನೂ ಆಗಿಲ್ಲ. ಈಗ ನೀವು ಹೇಳಿ. ಮೊದಲಿನಿಂದ."

ಸುಕೇಶ ಹೇಳಿದ. ಕಡಲಿಗೆ ಇಳಿಸುವ ಹಿಂದಿನ ವಾರ ಮನೆಯಲ್ಲೇ ಬಕೆಟ್ಟಿನ ನೀರಿನಲ್ಲಿ ಒಂದು ಗಂಟೆ ಮುಳುಗಿಸಿ ಪರೀಕ್ಷೆ ಮಾಡಿದ್ದ. ಒಂದು ಹನಿ ಒಳಗೆ ಹೋಗಿರಲಿಲ್ಲ. ಕಡಲಲ್ಲಿ ಇಪ್ಪತ್ತೇ ನಿಮಿಷದಲ್ಲಿ ನೀರು ಬಂತು.

"ಕಡಲಿಗೆ ಇಳಿಯುವ ಮೊದಲು ಯಂತ್ರ ಎಲ್ಲಿತ್ತು?"

"ದೋಣಿಯ ಮೇಲೆ. ನೀರು ಇನ್ನೂ ಇಳಿಯಲಿ ಅಂತ ಮಾವ ಕಾಯಿಸಿದರು."

"ಎಷ್ಟು ಹೊತ್ತು?"

"ಒಂದು ಗಂಟೆ ಆಗಿರಬಹುದು."

"ಬಿಸಿಲಲ್ಲಿ. ಎತ್ತಿಕೊಳ್ಳುವಾಗ ಕೈ ಸುಟ್ಟಿತಾ?"

"ಸುಟ್ಟಿತು, ಮೇಡಂ." ಹೇಳುತ್ತಿರುವಾಗಲೇ ಸುಕೇಶನಿಗೆ ಏನೋ ಹೊಳೆದಂತಾಗಿ ಬಾಯಿ ಅರ್ಧಕ್ಕೆ ನಿಂತಿತು.

ಮನೋರಮಾ ಅವನನ್ನು ನೋಡಿ ಕಾದರು. ಉತ್ತರ ಬಾಯಿಗೆ ಬರುತ್ತಿರುವ ವಿದ್ಯಾರ್ಥಿಯ ಎದುರು ಕಾಯುವ ಅಭ್ಯಾಸ ಅವರಿಗೆ ಹಳೆಯದು.

"ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿ ಹೊರಗೆ ಹೋಗಿದೆ," ಎಂದ ಅವನು. "ತಣ್ಣೀರಿಗೆ ಇಳಿಸಿದಾಗ ಕುಗ್ಗಿ..."

"ಎಳೆದುಕೊಂಡಿದೆ. ಅರುವತ್ತು ಡಿಗ್ರಿ ಇದ್ದದ್ದು ಇಪ್ಪತ್ತೆಂಟಕ್ಕೆ ಬಂದರೆ ಒತ್ತಡ ಹತ್ತರಲ್ಲಿ ಒಂದು ಪಾಲು ಕಡಿಮೆ ಆಗ್ತದೆ. ಅಂದರೆ ಒಂದು ಮೀಟರ್ ನೀರಿನ ಆಳದಲ್ಲಿ ಮುಳುಗಿಸಿದಷ್ಟು. ನೀವು ನಿಂತದ್ದು ಸೊಂಟದ ನೀರಲ್ಲಿ, ಪೆಟ್ಟಿಗೆಗೆ ಮಾತ್ರ ಅದಕ್ಕಿಂತ ಹೆಚ್ಚು ಆಳ."

ಹದಿನಾಲ್ಕು ವರ್ಷ ಅವನು ದಿನಾ ಅನಿಲದ ಒತ್ತಡ ಮತ್ತು ಉಷ್ಣತೆಯ ಮಾಪಕಗಳನ್ನು ನೋಡಿ ಬದುಕಿದವನು. ಶಾರ್ಜಾದ ಬಿಸಿಲಲ್ಲಿ ನಿಂತ ಸಿಲಿಂಡರಿನ ಮುಳ್ಳು ಎಷ್ಟು ಏರುತ್ತದೆಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದ. ಅದೇ ಗಾಳಿ ತನ್ನ ಕೈಯಲ್ಲಿದ್ದ ಪೆಟ್ಟಿಗೆಯಲ್ಲೂ ಇದೆ ಎಂದು ಮಾತ್ರ ಅವನಿಗೆ ತೋಚಿರಲಿಲ್ಲ.

"ಹಾಗಾದರೆ ಬಿಸಿಲಲ್ಲಿ ಇಡದಿದ್ದರೆ ಆಯ್ತಲ್ಲ?" ಎಂದ.

"ಇಲ್ಲ. ಬಿಸಿಲು ನೀರನ್ನು ಎಳೆಯಿತು, ಸರಿ. ದಾರಿ ಇದ್ದದ್ದಕ್ಕೆ ಎಳೆಯಿತು. ನಮಗೆ ಬೇಕಾದ್ದು ಆ ದಾರಿ."

ಒಳಗೆ ಗಾಳಿ ತುಂಬಿಸಿ ಸೋಪುನೀರು ಹಚ್ಚಿದರೆ ಗುಳ್ಳೆ ಏಳುತ್ತದೆ, ನಾವು ಏಸಿಗೆ ಹಾಗೆಯೇ ಮಾಡುವುದು ಎಂದ ಸುಕೇಶ. ಮನೋರಮಾ ಬೇಡವೆಂದು ತಲೆಯಾಡಿಸಿದರು. "ಕಡಲು ಇದನ್ನು ಹೊರಗಿನಿಂದ ಒತ್ತುತ್ತದೆ. ನೀವು ಒಳಗಿನಿಂದ ಒತ್ತಿದರೆ ರಬ್ಬರು ಇನ್ನೊಂದು ಬದಿಗೆ ಕೂರ್ತದೆ, ಪರದೆ ಕಿತ್ತು ಬರ್ತದೆ. ಕಡಲು ಮಾಡಿದ ಹಾಗೆಯೇ ನಾವೂ ಮಾಡಬೇಕು. ಒಳಗಿನ ಗಾಳಿ ಸ್ವಲ್ಪ ತೆಗೆಯೋಣ. ಈ ಮುಚ್ಚಳಕ್ಕೆ ಜೊತೆ ಇನ್ನೊಂದು ಉಂಟಾ?"

ಇತ್ತು. ಯಂತ್ರದ ಚೀಲದಲ್ಲಿ ಹೆಚ್ಚುವರಿ ಮುಚ್ಚಳವೊಂದು ಬಂದಿತ್ತು. "ತೂತು ಮಾಡಲಾ?" ಎಂದು ಅವರು ಅವನ ಒಪ್ಪಿಗೆ ಕೇಳಿದ ರೀತಿ, ಆಪರೇಶನ್ನಿಗೆ ಮೊದಲು ಡಾಕ್ಟರು ಮನೆಯವರನ್ನು ಕೇಳುವ ಹಾಗಿತ್ತು.

ಶುಕ್ರವಾರ ಬೆಳಿಗ್ಗೆ ಸುಕೇಶ ಬರುವಾಗ ಚಾವಡಿ ಲ್ಯಾಬ್ ಆಗಿತ್ತು. ಗೋಡೆಗೆ ಒರಗಿಸಿದ ಹಲಗೆ. ಅದರ ಮೇಲೆ ಯು ಆಕಾರಕ್ಕೆ ಬಗ್ಗಿಸಿ ಕಟ್ಟಿದ ಆಸ್ಪತ್ರೆಯ ಡ್ರಿಪ್ಪಿನ ನಳಿಕೆ, ಅದರೊಳಗೆ ಶಾಯಿ ಬೆರೆಸಿದ ನೀಲಿ ನೀರು, ಪಕ್ಕದಲ್ಲಿ ಅಂಟಿಸಿದ ದರ್ಜಿಯ ಟೇಪು. ತೂತು ಮಾಡಿದ ಮುಚ್ಚಳದಿಂದ ಹೊರಟ ನಳಿಕೆಯ ಒಂದು ಕವಲು ಹಲಗೆಗೆ, ಇನ್ನೊಂದು ದೊಡ್ಡ ಸಿರಿಂಜಿಗೆ. ಸಿರಿಂಜನ್ನು ಎಳೆದರೆ ಪೆಟ್ಟಿಗೆಯ ಗಾಳಿ ಕಡಿಮೆಯಾಗುತ್ತದೆ, ನೀಲಿ ನೀರು ಒಂದು ಕಡೆ ಏರಿ ನಿಲ್ಲುತ್ತದೆ. ಎಲ್ಲಿಂದಾದರೂ ಗಾಳಿ ಒಳನುಗ್ಗಿದರೆ ಏರಿದ ನೀರು ಇಳಿಯುತ್ತದೆ.

ಸುಕೇಶ ಯಂತ್ರವನ್ನು ಜೋಡಿಸಲು ಹೊರಟ. ಮನೋರಮಾ ಅವನ ಕೈ ತಡೆದರು. "ಮೊದಲು ಇದು ಇಲ್ಲದೆ."

ನಳಿಕೆಯ ತುದಿಯನ್ನು ಮಡಚಿ ಕ್ಲಿಪ್ ಹಾಕಿ, ಸಿರಿಂಜು ಎಳೆದು, ನೀರು ಏರಿಸಿ, ಗಡಿಯಾರ ನೋಡುತ್ತ ಕೂತರು. ಹತ್ತು ನಿಮಿಷ. ಯಂತ್ರವೇ ಇಲ್ಲದ ಪರೀಕ್ಷೆಗೆ ಹತ್ತು ನಿಮಿಷ! ಹುಣ್ಣಿಮೆಗೆ ಉಳಿದದ್ದು ಎರಡು ದಿನ. ಸುಕೇಶನಿಗೆ ಕಾಲ ಕೆಳಗೆ ಇರುವೆ ಬಿಟ್ಟ ಹಾಗಾಯಿತು. ನೀರು ಕದಲಲಿಲ್ಲ. "ಈಗ ನನ್ನ ನಳಿಕೆಯ ಮೇಲೆ ನನಗೆ ನಂಬಿಕೆ ಬಂತು," ಎಂದರು ಅವರು. "ಇಲ್ಲದಿದ್ದರೆ ನನ್ನ ತೂತನ್ನು ನಿಮ್ಮ ಯಂತ್ರದಲ್ಲಿ ಹುಡುಕುತ್ತಾ ಕೂರಬೇಕಾಗ್ತದೆ."

 ಗಲ್ಫಿನಲ್ಲಿ ಎಷ್ಟೋ ಎಂಜಿನಿಯರುಗಳನ್ನು ಸುಕೇಶ ಕಂಡಿದ್ದ. ತನ್ನ ಉಪಕರಣವನ್ನೇ ಮೊದಲು ಅನುಮಾನಿಸಿದವರು ಅವರಲ್ಲಿ ಎಷ್ಟು ಮಂದಿ ಎಂದು ಎಣಿಸಿದರೆ ಒಂದು ಕೈಯ ಬೆರಳು ಸಾಕಾಗುತ್ತಿತ್ತು.

ಯಂತ್ರವನ್ನು ಜೋಡಿಸಿದರು. ನೀಲಿ ನೀರನ್ನು ಐವತ್ತು ಸೆಂಟಿಮೀಟರಿಗೆ ಏರಿಸಿದರು. ಸುಕೇಶ ಬಗ್ಗಿ ನೋಡಹೋದಾಗ, "ಹತ್ತಿರ ಬರಬೇಡಿ. ನಿಮ್ಮ ಮೈಬಿಸಿ ತಾಗಿದರೂ ಪೆಟ್ಟಿಗೆಯ ಗಾಳಿ ಹಿಗ್ಗುತ್ತದೆ" ಎಂದರು. ಫ್ಯಾನ್ ಆರಿಸಿದರು. ಎರಡು ನಿಮಿಷಕ್ಕೊಮ್ಮೆ ನೋಟ್‌ಬುಕ್ಕಿನಲ್ಲಿ ಬರೆದರು. ಐವತ್ತು. ನಲವತ್ತೆಂಟು. ನಲವತ್ತಾರೂವರೆ.

"ಸೋರ್ತಾ ಉಂಟು," ಎಂದರು ಸಮಾಧಾನದಿಂದ. ಸೋರದಿದ್ದರೆ ಅವರಿಗೆ ಬೇಸರವಾಗುತ್ತಿತ್ತೇನೋ.

ಆಮೇಲೆ ಒಂದು ಮೇಣದ ಮುದ್ದೆ ತಂದರು. ಜೇನುಮೇಣಕ್ಕೆ ತುಸು ತೆಂಗಿನೆಣ್ಣೆ ಹಾಕಿ ಮೆತ್ತಗೆ ನಾದಿದ್ದು. ಪೆಟ್ಟಿಗೆಯ ಒಂದೊಂದು ಸಂದಿಗೆ ಅದನ್ನು ಒತ್ತಿ ಮುಚ್ಚುವುದು, ಹತ್ತು ನಿಮಿಷ ನೀರು ನೋಡುವುದು. ಯಾವ ಸಂದಿ ಮುಚ್ಚಿದಾಗ ಇಳಿಯುವುದು ನಿಲ್ಲುತ್ತದೋ ಅಲ್ಲೇ ದಾರಿ. ಮೊದಲು ಮುಚ್ಚಳ. ನೀರು ಇಳಿಯಿತು. ಪರದೆಯ ಅಂಚು. ಇಳಿಯಿತು. ಹಿಂಬದಿಯ ಆರು ಸ್ಕ್ರೂಗಳು, ಒಂದೊಂದಕ್ಕೆ ಹತ್ತು ನಿಮಿಷ. ಇಳಿಯುತ್ತಲೇ ಇತ್ತು. ಹೆಡ್‌ಫೋನಿನ ಕಿಂಡಿ, ಗುಂಡಿಗಳು, ಕೇಬಲ್ ಒಳಹೊಗುವ ನಟ್ಟು. ಮಧ್ಯಾಹ್ನದ ಊಟಕ್ಕೆ ಸುಕೇಶನನ್ನೂ ಕೂರಿಸಿದರು; ಸಾರು ಬಡಿಸುವಾಗಲೂ ಒಮ್ಮೆ ಚಾವಡಿಗೆ ಹೋಗಿ ಸಂಖ್ಯೆ ಬರೆದು ಬಂದರು.

ಮೂರು ಗಂಟೆಯ ಹೊತ್ತಿಗೆ ಪೆಟ್ಟಿಗೆಯೆಂಬುದು ಕಾಣುತ್ತಲೇ ಇರಲಿಲ್ಲ, ಹಳದಿ ಮೇಣದ ಉಂಡೆಯೊಂದಿತ್ತು. ಆದರೂ ನೀಲಿ ನೀರು ಅದೇ ವೇಗದಲ್ಲಿ ಇಳಿಯುತ್ತಿತ್ತು.

ಸುಕೇಶ ಮೆಟ್ಟಿಲಲ್ಲಿ ಕೂತುಬಿಟ್ಟ. "ಆಗ್ಲಿಕ್ಕಿಲ್ಲ ಮೇಡಂ. ನಾನು ಮಾವನಿಗೆ ಫೋನ್ ಮಾಡಿ ಕೊಕ್ಕೆ ಕಟ್ಟಲಿಕ್ಕೆ ಹೇಳ್ತೇನೆ."

"ಯಾಕೆ? ಈಗಲ್ವಾ ಗೊತ್ತಾದದ್ದು?" ಮನೋರಮಾ ಅವರ ಧ್ವನಿಯಲ್ಲಿ ಬೆಳಗಿನಿಂದ ಇಲ್ಲದ ಉಮೇದಿತ್ತು. "ಪೆಟ್ಟಿಗೆ ಪೂರ್ತಿ ಮುಚ್ಚಿದೆ, ಆದರೂ ಸೋರ್ತದೆ. ಹಾಗಾದರೆ ಪೆಟ್ಟಿಗೆ ಸೋರುವುದಲ್ಲ. ನೀವು ಬಕೆಟ್ಟಲ್ಲಿ ಮುಳುಗಿಸಿದ್ದು ಹೇಗೆ? ತೋರಿಸಿ."

ಅವನು ಎದ್ದು ಬಂದು ಗಾಳಿಯಲ್ಲೇ ತೋರಿಸಿದ. ಪೆಟ್ಟಿಗೆಯನ್ನು ಕೆಳಗೆ ಮಾಡಿ ಬಕೆಟ್ಟಿಗಿಳಿಸಿದ್ದು, ಕೋಲು ಮೇಲಕ್ಕೆ...

"ಕೋಲು ಹೊರಗಿತ್ತು," ಎಂದ ತಾನೇ.

"ಕಡಲಲ್ಲಿ ಕೋಲೂ ಮುಳುಗಿತ್ತು."

ಅವರು ದೇವರ ದೀಪಕ್ಕೆ ಇಟ್ಟಿದ್ದ ಹತ್ತಿಯಿಂದ ಒಂದು ಹಿಡಿ ತಂದು, ಕೇಬಲನ್ನು ಅದರಲ್ಲಿ ಸುತ್ತಿ ಹಿಡಿದು, ಸುರುಳಿಯ ಕಡೆಯಿಂದ ಪೆಟ್ಟಿಗೆಯ ಕಡೆಗೆ ಮೆಲ್ಲನೆ ಜಾರಿಸಿದರು. ಕೋಲಿನ ನಡುಭಾಗಕ್ಕೆ ಬರುವಾಗ ಹತ್ತಿಯ ಒಂದು ಎಳೆ ಕೇಬಲ್ಲಿಗೆ ಸಿಕ್ಕಿಕೊಂಡಿತು. ಭೂತಗನ್ನಡಿಯಲ್ಲಿ ನೋಡಿದರೆ ಕಪ್ಪು ಹೊದಿಕೆಯ ಮೇಲೆ ಕೂದಲೆಳೆಯಷ್ಟು ಸೀಳು. ಸುತ್ತ ಎರಡು ಸುತ್ತಿನ ತೆಳ್ಳಗಿನ ಗುರುತು, ಏನೋ ಬಿಗಿದು ಕಟ್ಟಿದ್ದ ಹಾಗೆ.

ಸೀಳಿನ ಮೇಲೆ ಗೋಲಿಯಷ್ಟು ಮೇಣ ಒತ್ತಿದರು. ನೀಲಿ ನೀರು ನಲವತ್ತೊಂದರಲ್ಲಿ ನಿಂತಿತು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ನಲವತ್ತೊಂದು.

"ಇಲ್ಲಿಂದ ಹೊಕ್ಕು, ಕೇಬಲಿನೊಳಗಿನ ತಂತಿಗಳ ಸಂದಿಯಲ್ಲೇ ಏರಿ ಪೆಟ್ಟಿಗೆಗೆ ಬಂದಿದೆ," ಎಂದರು. "ಎಷ್ಟು ದೂರ ನೋಡಿ. ಇದಕ್ಕೆ ಎಂತ ಕಟ್ಟಿದ್ದು?"

ಸುಕೇಶನ ಕಿವಿ ಬಿಸಿಯಾಯಿತು. "ಆಯುಧಪೂಜೆಗೆ ಮಾಲೆ, ಮೇಡಂ. ಗೊಂಡೆಹೂವಿನದ್ದು. ಜಾರಿ ಬೀಳಬಾರದು ಅಂತ ಸಪೂರ ತಂತಿ ಸುತ್ತಿ ಕಟ್ಟಿಂಗ್ ಪ್ಲೇಯರಲ್ಲಿ ತಿರುಚಿದೆ. ಬೈಕಿಗೆ ಕಟ್ಟಿದ ಹಾಗೆಯೇ."

ಮನೋರಮಾ ನಕ್ಕರು, ಅಣಕಿಸುವ ನಗುವಲ್ಲ. "ನಾವೂ ಲ್ಯಾಬಿನಲ್ಲಿ ಪ್ರತಿ ವರ್ಷ ಪೂಜೆ ಮಾಡ್ತಿದ್ದೆವು. ನಾನು ಕುಂಕುಮ ಹಚ್ಚುತ್ತಿದ್ದದ್ದು ತಕ್ಕಡಿಯ ಮರದ ಪೆಟ್ಟಿಗೆಗೆ, ಹೂ ಇಡುತ್ತಿದ್ದದ್ದು ಕಪಾಟಿನ ಬಾಗಿಲಿಗೆ. ಹೊಸದಾಗಿ ಬಂದ ಮೇಷ್ಟ್ರೊಬ್ಬರು ಇದು ಎಂಥ ಭಕ್ತಿ ಅಂತ ಕೇಳಿದರು. ತಕ್ಕಡಿಗೇ ಹಚ್ಚಿದರೆ ವರ್ಷವಿಡೀ ದೇವರನ್ನೂ ಸೇರಿಸಿ ತೂಗಬೇಕಾಗ್ತದೆ ಸರ್, ಅಂದೆ."

ಇನ್ನೇನು, ಸೀಳಿನ ಮೇಲೆ ಅಂಟು ಹಚ್ಚಿದರೆ ಮುಗಿಯಿತು ಎಂದು ಸುಕೇಶ ಎದ್ದ. ಮನೋರಮಾ ಮಾತ್ರ ನೋಟ್‌ಬುಕ್ ಮುಚ್ಚಿ ಕೈಕಟ್ಟಿ ಕೂತರು.

"ಇದು ನನಗೆ ಬರುವುದಿಲ್ಲ," ಎಂದರು. ಹೇಳುವುದರಲ್ಲಿ ಸಂಕೋಚದ ಗೆರೆಯೂ ಇರಲಿಲ್ಲ. "ಅಂಟು ಹಚ್ಚಿದರೆ ಇವತ್ತು ನಿಲ್ಲಬಹುದು. ಕೇಬಲ್ ನಾಲ್ಕು ಸಲ ಬಗ್ಗಿದ ಮೇಲೆ ನಿಲ್ತದಾ ಅಂತ ನಾನು ಹೇಳಲಾರೆ. ನೀರಿನ ಅಡಿಯ ಕೇಬಲಿಗೆ ಜೋಡಣೆ ಹಾಕುವವರು ಬೇರೆಯೇ ಇದ್ದಾರೆ. ಅಜೆಕಾರಿನ ಜಿತೇಂದ್ರ. ಕಾರ್ಕಳದ ಸುತ್ತ ಬೋರ್‌ವೆಲ್ಲಿಗೆ ಪಂಪ್ ಇಳಿಸುವವ. ಅವನು ಹಾಕಿದ ಜೋಡಣೆ ನಮ್ಮ ಬೋರಿನಲ್ಲಿ ಮುನ್ನೂರು ಅಡಿ ಕೆಳಗೆ ಒಂಬತ್ತು ವರ್ಷದಿಂದ ಉಂಟು."

ಅಂದು ಸಂಜೆಯವರೆಗೆ ಅವರು ಕೇಬಲನ್ನು ಪೆಟ್ಟಿಗೆಯಿಂದ ಬಿಡಿಸಿ, ಸೀಳಿನ ಮೂಲಕ ಬಟ್ಟಿಯಿಳಿಸಿದ ನೀರು ಹಾಯಿಸಿ ಕೇಬಲಿನೊಳಗಿನ ಉಪ್ಪು ತೊಳೆದರು. ಉಪ್ಪು ಉಳಿದರೆ ಗಾಳಿಯ ತೇವವನ್ನೇ ಕುಡಿದು ಒಳಗೆ ಮತ್ತೆ ಒದ್ದೆ ಮಾಡುತ್ತದೆ ಎಂದರು. ಮೀನಿನ ತೊಟ್ಟಿಯ ಗಾಳಿಪಂಪನ್ನು ಪಕ್ಕದ ಮನೆಯ ಗ್ಲ್ಯಾಡಿಸ್ ಬಾಯಿ ಅವರಿಂದ ಕಡ ತಂದು, ಒಣಗಾಳಿಯನ್ನು ಪೆಟ್ಟಿಗೆಯ ಕಡೆಯ ತುದಿಯಿಂದ ಸೀಳಿನ ಕಡೆಗೆ ಊದಲು ಹಚ್ಚಿಟ್ಟರು.

ಶನಿವಾರ ಸುಕೇಶ ಯಂತ್ರದೊಂದಿಗೆ ಅಜೆಕಾರಿಗೆ ಹೋದ. ಮನೋರಮಾ ಅವರೂ ಹಲಗೆ, ಸಿರಿಂಜು ಹಿಡಿದು ಬಂದರು. ಜಿತೇಂದ್ರ ಪಿಕಪ್ಪಿನ ಹಿಂಬದಿಯಲ್ಲಿ ಪೈಪುಗಳ ನಡುವೆ ಕೂತು ಕೇಬಲನ್ನು ನೋಡಿದ. "ಇದಾ? ಇಷ್ಟು ಸಣ್ಣದಾ? ನಾನು ಹೆಬ್ಬೆರಳಿನಷ್ಟು ದಪ್ಪದ್ದಕ್ಕೆ ಕಟ್ಟುವವ. ಇದು ನನಗೆ ಸೂಜಿಗೆ ನೂಲು ಹಾಕಿದ ಹಾಗೆ ಆಯ್ತು" ಎಂದು ಗೊಣಗಿದ. ಆದರೆ ಕೈ ತೊಳೆದುಕೊಂಡು ಬಂದು ಕೂತ ಮೇಲೆ ಬೇರೆಯೇ ಮನುಷ್ಯನಾದ. ಹೊದಿಕೆಯನ್ನು ಮರಳುಕಾಗದದಿಂದ ಮಂಕು ಬರುವವರೆಗೆ ತಿಕ್ಕಿದ. ಸ್ಪಿರಿಟ್ಟಿನಲ್ಲಿ ಒರೆಸಿದ ಮೇಲೆ ಆ ಜಾಗಕ್ಕೆ ಬೆರಳು ತಾಗಿಸಲಿಲ್ಲ. ರಬ್ಬರಿನ ಪಟ್ಟಿಯನ್ನು ಅದರ ಅಗಲ ಅರ್ಧಕ್ಕೆ ಇಳಿಯುವವರೆಗೆ ಎಳೆದು, ಅರ್ಧಕ್ಕೆ ಅರ್ಧ ಮೇಲೆ ಬರುವಂತೆ ಸುತ್ತಿದ.

"ಎಳೆದು ಸುತ್ತಿದರೆ ಅದು ತನ್ನಷ್ಟಕ್ಕೆ ಕುಗ್ಗಿ ಕಚ್ಚಿಕೊಳ್ತದೆ," ಎಂದ ತಲೆಯೆತ್ತದೆ. "ಒಂದು ಗಂಟೆ ಕಳೆದರೆ ಸುತ್ತು ಯಾವುದು, ಸುತ್ತಿನ ಮೇಲೆ ಸುತ್ತು ಯಾವುದು ಅಂತ ನನಗೂ ಗೊತ್ತಾಗುವುದಿಲ್ಲ. ಎಲ್ಲ ಒಂದೇ ರಬ್ಬರು."

ಮನೋರಮಾ ಮಂಡಿಯೂರಿ ಅವನ ಬೆರಳುಗಳನ್ನೇ ನೋಡುತ್ತಿದ್ದರು. "ಎಷ್ಟು ಎಳೆದದ್ದು? ಇನ್ನೊಮ್ಮೆ ತೋರಿಸು," ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಅರುವತ್ತು ದಾಟಿದ ಆ ಹೆಂಗಸು ಕಲಿಯುವಾಗ ಎಷ್ಟು ಚಿಕ್ಕವರಾಗಿ ಕಾಣುತ್ತಾರೆ ಎಂದು ಸುಕೇಶನಿಗೆ ಅನಿಸಿತು. ಪಿಕಪ್ಪಿನ ನೆರಳಿನಲ್ಲೇ ಹಲಗೆ ನಿಲ್ಲಿಸಿದರು. ಐವತ್ತು. ಅರ್ಧ ಗಂಟೆ ಕಳೆದು ಐವತ್ತು. ಸುಕೇಶನ ಕೈಯಿಂದ ಕೇಬಲನ್ನು ಇಪ್ಪತ್ತು ಸಲ ಬಗ್ಗಿಸಿ ನೋಡಿದರು. ಐವತ್ತು.

"ನಾಳೆ ನೀರಿಗಿಳಿಯುವ ಮೊದಲು ಒದ್ದೆ ಬಟ್ಟೆ ಸುತ್ತಿ ನೆರಳಲ್ಲಿಡಿ," ಎಂದರು. "ಕಡಲಿನಷ್ಟೇ ತಂಪಾಗಿ ಕಡಲಿಗೆ ಹೋಗಲಿ."

ಭಾನುವಾರ ಬೆಳಿಗ್ಗೆ ಆರಕ್ಕೆ ಕಡಲು ಭುಜಂಗರು ಹೇಳಿದಷ್ಟೇ ಹಿಂದೆ ಸರಿದಿತ್ತು. ಸುಕೇಶ ನಡೆದ. ಮರಳಿನ ಮೇಲೆ ಸುರುಳಿಯನ್ನು ಒಂದು ಹಾಸು ಎಡಕ್ಕೆ, ಒಂದು ಹಾಸು ಬಲಕ್ಕೆ ಆಡಿಸುತ್ತ, ಒಂದರ ಅಂಚಿನ ಮೇಲೆ ಇನ್ನೊಂದು ತುಸು ಬರುವಂತೆ. ಜಿತೇಂದ್ರನ ಪಟ್ಟಿಯ ಹಾಗೆ. ಹತ್ತು ನಿಮಿಷಕ್ಕೊಮ್ಮೆ ಪರದೆಯ ಗಾಜು ನೋಡಿಕೊಂಡ. ಗಾಜು ತಿಳಿಯಾಗಿತ್ತು. ಒಂದು ಬಾಟಲಿ ಮುಚ್ಚಳ ಯಂತ್ರವನ್ನು ಕೂಗಿಸಿತು, ಒಂದು ತಗಡು. ದಡದಲ್ಲಿ ಯಾರೋ "ಸೋಡಾ ಅಂಗಡಿ ಇಡ್ಲಿಕ್ಕೆ ಅಡ್ಡಿ ಇಲ್ಲ" ಎಂದರು. ಮುಕ್ಕಾಲು ಗಂಟೆ ಕಳೆದಿರಬೇಕು, ಕಿವಿಯಲ್ಲಿ ಅಗಲವಾದ, ದಪ್ಪ ಧ್ವನಿಯೊಂದು ಎದ್ದಿತು. ಅವನು ಹಿಂದಕ್ಕೆ ಬಂದ, ಅಡ್ಡಕ್ಕೆ ಹೋದ. ಧ್ವನಿ ಎರಡು ಮಾರಿನಷ್ಟು ಉದ್ದಕ್ಕೆ ಬಿಡದೆ ಬಂತು.

"ಮಾವ!" ಎಂದು ಕೂಗಿದ. ಸುರುಳಿಯನ್ನು ಆ ಜಾಗದಿಂದ ಕದಲಿಸಲಿಲ್ಲ.

ಹನ್ನೆರಡು ಜನ ನೀರಿಗೆ ಬಿದ್ದರು. ಕೈಯಲ್ಲಿ, ತಗಡಿನಲ್ಲಿ, ಬಕೆಟ್ಟಿನಲ್ಲಿ ಮರಳು ತೋಡಿದರು. ತೋಡಿದ್ದನ್ನು ಅಲೆ ಮುಚ್ಚಿತು, ಮತ್ತೆ ತೋಡಿದರು. ಕೊನೆಗೆ ಭುಜಂಗರ ಕಾಲಿಗೇ ಅದು ತಾಗಿತು. ತುಕ್ಕು ತಿಂದ ದೊಡ್ಡ ಲಂಗರಿನ ಮುರಿದ ತೋಳು, ಚೂಪು ತುದಿ ಮೇಲಕ್ಕೆ. ಬಲೆ ಎಳೆಯುವ ಹಗ್ಗವನ್ನೇ ಬಿಗಿದು ಇಪ್ಪತ್ತೆರಡು ಮಂದಿ ಎಳೆದರು. ಅದು ಮರಳನ್ನು ಬಿಟ್ಟು ಬರುವಾಗ ಎಲ್ಲರೂ ಒಟ್ಟಿಗೆ ಹಿಂದಕ್ಕೆ ಬಿದ್ದರು.

ಅಷ್ಟು ಹೊತ್ತಿಗೆ ಮನೋರಮಾ ಬಂದಿದ್ದರು. ಮೊದಲ ಬಸ್ಸಿಗೆ ಹೊರಟು ಉಡುಪಿಯಲ್ಲಿ ಬಸ್ಸು ಬದಲಿಸಿ, ಕೊಡೆ ಹಿಡಿದು ಮರಳಿನಲ್ಲಿ ನಡೆದು ಬಂದವರು ಲಂಗರನ್ನಾಗಲಿ, ಜನರ ಸಂಭ್ರಮವನ್ನಾಗಲಿ ನೋಡಲಿಲ್ಲ. ನೇರ ಯಂತ್ರದ ಹತ್ತಿರ ಬಂದು ಮುಚ್ಚಳ ಬಿಚ್ಚಿಸಿದರು. ಒಳಗೆ ಬೆರಳಿಗೆ ಕಾಗದ ಸುತ್ತಿ ಒರೆಸಿ, ಕಾಗದವನ್ನು ಬೆಳಕಿಗೆ ಹಿಡಿದರು. ಒಣಗಿತ್ತು. ಆಮೇಲೆಯೇ ಅವರ ಮುಖದಲ್ಲಿ ನಗು ಬಂದದ್ದು.

"ಬಲೆ ಬಿಡುವ," ಎಂದರು ಭುಜಂಗ. "ಅದೊಂದೇ ಇದ್ದದ್ದಾ ಅಂತ ಬಲೆಯೇ ಹೇಳಬೇಕು."

ದೋಣಿ ಹೋಗಿ ಬಂತು. ಎರಡು ಸಾಲು ಹಗ್ಗ ಹಿಡಿದರು. ಮನೋರಮಾ ಕೊಡೆ ಮಡಚಿ ಚೀಲದ ಮೇಲಿಟ್ಟು, ಸೆರಗು ಸಿಕ್ಕಿಸಿ, ಸುಕೇಶನ ಹಿಂದೆ ಹಗ್ಗಕ್ಕೆ ಕೈ ಹಾಕಿದರು. ಯಾರೂ ಬೇಡವೆನ್ನಲಿಲ್ಲ. ಬಲೆಯ ಹೊಟ್ಟೆ ಆ ಜಾಗಕ್ಕೆ ಬರುತ್ತಿದ್ದಂತೆ ಎಲ್ಲರ ಎಳೆತ ನಿಧಾನವಾಯಿತು. ಮೂರು ಸಲ ಇಲ್ಲಿಯೇ ಹಗ್ಗ ಕೈಯಲ್ಲಿ ನಡುಗಿ ಬಿಗಿದು ನಿಂತದ್ದು ಎಲ್ಲರ ಅಂಗೈಗೂ ನೆನಪಿತ್ತು.  ಹಗ್ಗ ಬಂತು. ಭಾರವಾಗಿ, ಒಂದೇ ಸಮನೆ, ತಡೆಯಿಲ್ಲದೆ, ಮೊಳ ಮೊಳ ಬಂತು.

"ಬಂತು ಮಾರಾಯ!" ಎಂದರು ಭುಜಂಗ. ಅರುವತ್ತಾರರ ಅವರ ಕಣ್ಣು ಒದ್ದೆಯಾದದ್ದು ಉಪ್ಪುನೀರಿಗೆ ಎಂದು ತಂಡದವರು ಒಪ್ಪಿಕೊಂಡರು.

ಬಂಗುಡೆ ರಾಶಿ ಬಿತ್ತು. ಪಾಲು ಹಾಕುವಾಗ ಭುಜಂಗ ಒಂದು ಪಾಲನ್ನು ಮನೋರಮಾ ಅವರ ಮುಂದೆ ಸರಿಸಿದರು.

"ಅಯ್ಯೋ, ನಮ್ಮಲ್ಲಿ ಮೀನು ಬೇಯಿಸುವುದಿಲ್ಲ!"

"ಬೇಯಿಸಿ ಅಂತ ನಾನು ಹೇಳಿದೆನಾ? ಹಗ್ಗ ಹಿಡಿದವರಿಗೆ ಪಾಲು ಉಂಟು. ನಿಮಗೆ ಕೊಡದೆ ಕಳಿಸಿದರೆ ನಾಳೆ ಹಗ್ಗ ಹಿಡೀಲಿಕ್ಕೆ ಯಾರು ಬರ್ತಾರೆ?"

ಮನೋರಮಾ ಯೋಚಿಸಿದರು. ನಿಯಮವೆಂದರೆ ನಿಯಮ; ಅದು ಅವರಿಗೆ ಅರ್ಥವಾಗುವ ಸಂಗತಿ. "ಗ್ಲ್ಯಾಡಿಸ್ ಬಾಯಿಗೆ ಆಗ್ತದೆ. ಪಂಪ್ ಕೊಟ್ಟದ್ದು ಅವರಲ್ವಾ," ಎಂದರು.

ಸುಕೇಶ ಓಡಿಹೋಗಿ ಪ್ಲಾಸ್ಟಿಕ್ ಕವರ್ ತಂದು ಮೀನು ತುಂಬಿಸಲು ಬಗ್ಗಿದ. "ತಾಳು," ಎಂದು ಅವರು ಕವರನ್ನು ತೆಗೆದುಕೊಂಡರು. ಅದಕ್ಕೆ ಬಾಯಿಟ್ಟು ಊದಿದರು, ಬಾಯಿ ಹಿಂಡಿ ಹಿಡಿದರು, ಕೆನ್ನೆಯ ಹತ್ತಿರ ತಂದು ಮೆಲ್ಲನೆ ಒತ್ತಿದರು. ಇಪ್ಪತ್ತೆರಡು ಮಂದಿ ಕತ್ತು ಚಾಚಿ ನೋಡಿದರು.

"ಇದು ಸೋರ್ತದೆ," ಎಂದರು ಮನೋರಮಾ. "ಬಸ್ಸಿನಲ್ಲಿ ಹೋಗಬೇಕು ನನಗೆ. ಇನ್ನೊಂದು ಕೊಡು."